ಹಡಗು ಹತ್ತದ ಪಾದ್ರಿ

ಹೋದ ತಿಂಗಳು ಯಾರೋ ಡಾರ್ವಿನ್ ಬಗ್ಗೆ ಕೇಳಿದ್ದಕ್ಕೆ ಉತ್ತರಿಸುತ್ತ, 'ಅವನಿಗೆ ಗಿಡ ನೋಡುವುದನ್ನು ಕಲಿಸಿದ ಜಾನ್ ಸ್ಟೀವನ್ಸ್ ಹೆನ್‌ಸ್ಲೋ ಒಬ್ಬ ಪಾದ್ರಿ' ಎಂದು ಒಂದು ಸಾಲು ಸೇರಿಸಿದ್ದೆ. ಆ ಒಂದು ಸಾಲಿಗೆ ಬಂದಷ್ಟು ಕಾಗದ, ಈ ಅಂಕಣ ಶುರುವಾದಾಗಿನಿಂದ ಬೇರೆ ಯಾವುದಕ್ಕೂ ಬಂದಿಲ್ಲ. ಹಾಗಾಗಿ ಈ ಸಲ ಪೂರ್ತಿ ಅವರದೇ ಸುದ್ದಿ. ಮಲ್ಲಿಗೆ ಮೊಗ್ಗು ಉದುರುತ್ತದೆ, ನಿಂಬೆ ಕಾಯಿ ಬಿಡುತ್ತಿಲ್ಲ ಎಂದು ಬರೆದವರು ದಯವಿಟ್ಟು ಒಂದು ತಿಂಗಳು ತಾಳಿ.

ಪ್ರಶ್ನೆ: ಮೇಡಂ, ಈ ಹೆನ್‌ಸ್ಲೋ ಪಾದ್ರಿಯಾಗಿದ್ದು ಸಸ್ಯಶಾಸ್ತ್ರ ಕಲಿತರೋ, ಸಸ್ಯಶಾಸ್ತ್ರಜ್ಞರಾಗಿದ್ದು ಪಾದ್ರಿಯಾದರೋ? ಎರಡನೆಯದಾದರೆ, ಅದು ಭಕ್ತಿಗೋ ಹೊಟ್ಟೆಪಾಡಿಗೋ? (ನಿವೃತ್ತ ಬ್ಯಾಂಕ್ ಅಧಿಕಾರಿ, ಮಂಗಳೂರು)

ಬ್ಯಾಂಕಿನವರಲ್ಲವೇ, ನೇರ ಲೆಕ್ಕದ ಪುಸ್ತಕಕ್ಕೇ ಕೈ ಹಾಕಿದ್ದೀರಿ. ಎರಡೂ ನಿಜ. ಆದರೆ ಹೊಟ್ಟೆಪಾಡಿನ ಭಾಗವನ್ನು ಮೊದಲು ಹೇಳಿಬಿಡುತ್ತೇನೆ.

ಹೆನ್‌ಸ್ಲೋ ಹುಟ್ಟಿದ್ದು 1796ರಲ್ಲಿ, ಇಂಗ್ಲೆಂಡಿನ ರೋಚೆಸ್ಟರಿನಲ್ಲಿ. ಚಿಕ್ಕವನಿದ್ದಾಗ ದೊಡ್ಡದೊಂದು ಅಣಬೆಯನ್ನು ದಾರಿಯುದ್ದಕ್ಕೂ ಎಳೆದುಕೊಂಡು ಮನೆಗೆ ತಂದ ಹುಡುಗ. ಕೇಂಬ್ರಿಜ್‌ನಲ್ಲಿ ಓದಿದ, ಗಣಿತದಲ್ಲಿ ಒಳ್ಳೆಯ ಸ್ಥಾನ ಪಡೆದ, ಬಂಡೆಗಳ ಬೆನ್ನು ಹತ್ತಿದ. 1822ರಲ್ಲಿ, ಇನ್ನೂ 26 ವರ್ಷ, ಖನಿಜಶಾಸ್ತ್ರದ ಪ್ರಾಧ್ಯಾಪಕ. ಮರುವರ್ಷ ಹ್ಯಾರಿಯೆಟ್ ಜೆನಿನ್ಸ್ ಜೊತೆ ಮದುವೆ. 1824ರಲ್ಲಿ ಪಾದ್ರಿ ದೀಕ್ಷೆ. 1825ರಲ್ಲಿ, ಮನಸ್ಸು ಮೊದಲಿನಿಂದಲೂ ಬಯಸಿದ್ದ ಸಸ್ಯಶಾಸ್ತ್ರದ ಪೀಠ. ವರ್ಷಗಳ ಸಾಲು ನೋಡಿ: ಕೆಲಸ, ಮದುವೆ, ದೀಕ್ಷೆ. ಮನೆ ನಡೆಸುವ ಯಾವ ಗೃಹಸ್ಥನಿಗೂ ಈ ಸಾಲು ಅರ್ಥವಾಗುತ್ತದೆ.

ಪ್ರಾಧ್ಯಾಪಕ ಎಂದಾಕ್ಷಣ ಈಗಿನ ಯುಜಿಸಿ ವೇತನ ನೆನೆಯಬೇಡಿ. ಅಂದು ಆ ಪೀಠಗಳಿಗೆ ಬರುತ್ತಿದ್ದ ಹಣದಲ್ಲಿ ಸಂಸಾರ ಸಾಗುತ್ತಿರಲಿಲ್ಲ. ದಿನವಿಡೀ ಹುಡುಗರಿಗೆ ಮನೆಪಾಠ ಹೇಳಿ ಸರಿದೂಗಿಸಿಕೊಳ್ಳುತ್ತಿದ್ದರು. ಆ ಪೀಠವಾದರೂ ಎಂಥದ್ದು! ಹಿಂದಿನ ಪ್ರಾಧ್ಯಾಪಕ ಥಾಮಸ್ ಮಾರ್ಟಿನ್ 63 ವರ್ಷ ಆ ಕುರ್ಚಿಯಲ್ಲಿದ್ದ. ಕೊನೆಯ ಸುಮಾರು 30 ವರ್ಷ ಒಂದು ಪಾಠವನ್ನೂ ಮಾಡಿರಲಿಲ್ಲ. ನನ್ನ ಸರ್ವೀಸಿನಲ್ಲೂ ಇಂಥ ಒಬ್ಬಿಬ್ಬರನ್ನು ಕಂಡಿದ್ದೇನೆ, ಆದರೆ 30 ವರ್ಷ ಸ್ವಲ್ಪ ಹೆಚ್ಚಾಯಿತು.

ಇಂಗ್ಲೆಂಡಿನ ಚರ್ಚು ಸರ್ಕಾರದ ಚರ್ಚು. ಊರಿಗೊಬ್ಬ ಪಾದ್ರಿ, ಆತನಿಗೆ ಊರಿನ ಬೆಳೆಯಿಂದ ದಶಾಂಶದ ಪಾಲು, ಇರಲು ದೊಡ್ಡ ಮನೆ. ನಿಮ್ಮೂರಿನ ಇಗರ್ಜಿಯ ಫಾದರ್‌ಗಳಂತಲ್ಲ, ಈ ಪಾದ್ರಿಗಳು ಮದುವೆಯಾಗಬಹುದು. ನಮ್ಮ ಸಿ.ಎಸ್.ಐ. (ಪ್ರೊಟೆಸ್ಟೆಂಟ್) ಚರ್ಚಿನ ಅಯ್ಯನವರನ್ನು ನೆನೆಸಿಕೊಳ್ಳಿ. ಓದಿದ, ಗಿಡ, ಜೀರುಂಡೆ, ಕಲ್ಲು ಎಂದು ಅಲೆಯುವ ಹುಚ್ಚಿರುವ ಹುಡುಗರಿಗೆ ಅದಕ್ಕಿಂತ ಒಳ್ಳೆ ಆಸರೆ ಅಂದು ಇರಲಿಲ್ಲ. ಡಾರ್ವಿನ್ನನ ಅಪ್ಪ ಮಗನನ್ನು ಕೇಂಬ್ರಿಜ್‌ಗೆ ಕಳಿಸಿದ್ದೂ ಹಳ್ಳಿಯೊಂದರಲ್ಲಿ ಪಾದ್ರಿಯಾಗಿ ನೆಲೆಯೂರಲಿ ಎಂದೇ.

1832ರಲ್ಲಿ ಹೆನ್‌ಸ್ಲೋಗೆ ಚೋಲ್ಸಿ ಎಂಬ ಊರಿನ ಪಾದ್ರಿತನ ಸಿಕ್ಕಿತು, ವರ್ಷಕ್ಕೆ 340 ಪೌಂಡ್. ಅಲ್ಲಿಗೆ ಹೋಗುತ್ತಿದ್ದದ್ದು ರಜೆಯಲ್ಲಿ ಮಾತ್ರ. ಮಿಕ್ಕ ದಿನ ಬದಲಿಯವರು ನೋಡಿಕೊಳ್ಳುತ್ತಿದ್ದರು. ಇದು ಅಂದಿನ ವಾಡಿಕೆ, ಆದರೂ ನನಗೆ ಹಿಡಿಸುವುದಿಲ್ಲ. 1837ರಲ್ಲಿ ಸಫೋಕ್ ಜಿಲ್ಲೆಯ ಹಿಚಮ್ ಎಂಬ ಹಳ್ಳಿ ಬಂತು, ವರ್ಷಕ್ಕೆ ಸುಮಾರು 1000 ಪೌಂಡ್. 1839ರಲ್ಲಿ ಗಂಟುಮೂಟೆ ಕಟ್ಟಿ ಹೆಂಡತಿ ಮಕ್ಕಳ ಸಮೇತ ಅಲ್ಲಿಗೇ ಹೋದರು. ಆಮೇಲೆ ಕೇಂಬ್ರಿಜ್‌ಗೆ ಬರುತ್ತಿದ್ದದ್ದು ವರ್ಷಕ್ಕೊಮ್ಮೆ, ವಸಂತದಲ್ಲಿ, ಕೆಲವು ವಾರಗಳ ಪಾಠಕ್ಕೆ.

ಇಷ್ಟು ಲೆಕ್ಕ. ಇನ್ನು ಭಕ್ತಿ? ಚರ್ಚಿನ 39 ನಂಬಿಕೆಯ ಸೂತ್ರಗಳಲ್ಲಿ ಒಂದು ಶಬ್ದ ಬದಲಾದರೂ ನನಗೆ ದುಃಖವಾಗುತ್ತದೆ ಎಂದು ಡಾರ್ವಿನ್ನನ ಬಳಿ ಒಮ್ಮೆ ಹೇಳಿದ್ದರಂತೆ. ಸಂಬಳಕ್ಕಾಗಿ ನಾಮ ಹಾಕಿಕೊಂಡವರ ಮಾತು ಇದಲ್ಲ.

ಪ್ರಶ್ನೆ: ಬೀಗಲ್ ಹಡಗಿನಲ್ಲಿ ಹೋಗುವ ಅವಕಾಶ ಮೊದಲು ಹೆನ್‌ಸ್ಲೋಗೇ ಬಂದಿತ್ತು ಅಂತ ಎಲ್ಲೋ ಓದಿದೆ. ಯಾಕೆ ಬಿಟ್ಟರು? ಹೆದರಿದರಾ? (ಸಾಫ್ಟ್‌ವೇರ್ ಎಂಜಿನಿಯರ್, ಬೆಂಗಳೂರು)

ಹೆದರಲಿಲ್ಲ. ಹೆಂಡತಿಯ ಮುಖ ನೋಡಿದರು.

ಸ್ವಲ್ಪ ಹಿಂದಿನಿಂದ ಹೇಳಬೇಕು. ಹುಡುಗನಿದ್ದಾಗ ಆಫ್ರಿಕಾ ಪ್ರವಾಸದ ಪುಸ್ತಕ ಓದಿ ಹೆನ್‌ಸ್ಲೋಗೆ ಆಫ್ರಿಕಾದ ಕಾಡು ಹೊಗುವ ಹುಚ್ಚು ಹಿಡಿದಿತ್ತು. ಮನೆಯವರು ಬಿಡಲಿಲ್ಲ. 1831ರ ಆಗಸ್ಟ್‌ನಲ್ಲಿ, ದಕ್ಷಿಣ ಅಮೆರಿಕದ ಕರಾವಳಿ ಅಳೆಯಲು ಹೊರಟ ಹಡಗಿಗೆ ಪ್ರಕೃತಿ ಬಲ್ಲ ಒಬ್ಬ ಬೇಕು ಎಂಬ ಸುದ್ದಿ ಕೇಂಬ್ರಿಜ್‌ಗೆ ಬಂತು. ಹೆನ್‌ಸ್ಲೋ ಅವರ ಭಾವಮೈದುನ ಲಿಯೊನಾರ್ಡ್ ಜೆನಿನ್ಸ್, ಅವರೂ ಹಳ್ಳಿಯ ಪಾದ್ರಿ, ಮೀನು ಹಕ್ಕಿ ಬಲ್ಲವರು, ಹೊರಡುವ ಮನಸ್ಸು ಮಾಡಿ ಕೊನೆಗೆ ಚರ್ಚಿನ ಕೆಲಸ ಬಿಟ್ಟುಹೋಗಲಾರೆ ಎಂದರು. ಹೆನ್‌ಸ್ಲೋಗೆ ತಾನೇ ಹೋಗಲೇ ಅನ್ನಿಸಿತು. ಅವರು ಬಾಯಿಬಿಟ್ಟು ಕೇಳುವ ಮೊದಲೇ ಹ್ಯಾರಿಯೆಟ್ 'ಹೋಗಿಬನ್ನಿ' ಎಂದುಬಿಟ್ಟರು. ಹಾಗೆ ಹೇಳುವಾಗ ಅವರ ಮುಖ ಎಷ್ಟು ಬಾಡಿತ್ತೆಂದರೆ, ಹೆನ್‌ಸ್ಲೋ ಅಲ್ಲೇ ಆ ಯೋಚನೆ ಕೈಬಿಟ್ಟರು. ಡಾರ್ವಿನ್ ತನ್ನ ಅಕ್ಕನಿಗೆ ಬರೆದ ಕಾಗದದಲ್ಲಿ ಇದೆಲ್ಲ ಇದೆ. ಅವಧಿ ಎರಡು ವರ್ಷ ಎಂದಿದ್ದರು, ಆಗಿದ್ದು ಐದು ವರ್ಷ. ಹ್ಯಾರಿಯೆಟ್‌ಗೆ ನನ್ನದೊಂದು ನಮಸ್ಕಾರ.

ಆಗಸ್ಟ್ 24ರಂದು 22 ವರ್ಷದ ಡಾರ್ವಿನ್ನನಿಗೆ ಹೆನ್‌ಸ್ಲೋ ಕಾಗದ ಬರೆದರು. ನೀನು ಪಳಗಿದ ಪ್ರಕೃತಿವಿಜ್ಞಾನಿ ಎಂದು ನಾನು ಹೇಳುತ್ತಿಲ್ಲ, ಆದರೆ ಸಂಗ್ರಹಿಸುವುದಕ್ಕೆ, ಗಮನಿಸುವುದಕ್ಕೆ, ಗುರುತು ಹಾಕಿಡುವುದಕ್ಕೆ ನೀನು ಧಾರಾಳವಾಗಿ ತಕ್ಕವನು ಎಂಬ ಧಾಟಿಯಲ್ಲಿ. ಶಿಷ್ಯನಿಗೆ ಕೊಡುವ ಶಿಫಾರಸು ಪತ್ರ ಹೀಗಿರಬೇಕು, ಒಂದು ತೊಲ ಹೆಚ್ಚಿಲ್ಲ, ಒಂದು ತೊಲ ಕಮ್ಮಿಯಿಲ್ಲ. ನಾನು ಬರೆದುಕೊಟ್ಟ ಪತ್ರಗಳಲ್ಲೆಲ್ಲ ಹುಡುಗರು 'ಅಸಾಧಾರಣ ಪ್ರತಿಭಾವಂತರು'. ಈಗ ನೆನೆದರೆ ನಾಚಿಕೆ.

ಹಡಗು ಹೊರಟ ಮೇಲೆ ಹೆನ್‌ಸ್ಲೋ ಕೆಲಸ ಮುಗಿಯಲಿಲ್ಲ. ಡಾರ್ವಿನ್ ಕಳಿಸಿದ ಪೀಪಾಯಿ, ಪೆಟ್ಟಿಗೆ, ಡಬ್ಬಿಗಳೆಲ್ಲ ಬಂದಿಳಿಯುತ್ತಿದ್ದದ್ದು ಇವರ ಹತ್ತಿರ. ಬಿಚ್ಚಿ, ಒರೆಸಿ, ಬೂಸಲು ಹಿಡಿದದ್ದನ್ನು ಬೇರೆ ಮಾಡಿ, ಹೀಗೆ ಕಟ್ಟು ಹಾಗೆ ಕಟ್ಟಬೇಡ ಎಂದು ಬುದ್ಧಿ ಹೇಳಿ ಬರೆಯುತ್ತಿದ್ದರು. 1833ರ ಜನವರಿಯ ಒಂದು ಕಾಗದದಲ್ಲಿ, ದೇವರಾಣೆಗೂ ಆ 223ನೇ ನಂಬರಿನದು ಏನಯ್ಯಾ, ಸಿಡಿಲು ಹೊಡೆದು ಉಳಿದ ಮಸಿಯ ಮುದ್ದೆ ಕಂಡಹಾಗಿದೆ ಎಂದು ಕೇಳಿದ್ದಾರೆ. ಇದನ್ನು ಓದಿದಾಗಲೆಲ್ಲ ನನಗೆ ನಗು. ಪ್ರಾಕ್ಟಿಕಲ್ ಪರೀಕ್ಷೆಗೆ ಹುಡುಗರು ಒಪ್ಪಿಸುತ್ತಿದ್ದ ಒಣಗಿಡಗಳಲ್ಲಿ ವರ್ಷಕ್ಕೊಂದಾದರೂ 223 ಇರುತ್ತಿತ್ತು.

ಮಗ ಪರದೇಶದಿಂದ ಬರೆದ ಕಾಗದವನ್ನು ಊರವರಿಗೆ ಓದಿ ಹೇಳುವ ಅಪ್ಪನಂತೆ, ಡಾರ್ವಿನ್ನನ ಕಾಗದಗಳ ಆಯ್ದ ಭಾಗಗಳನ್ನು 1835ರಲ್ಲಿ ಅಚ್ಚು ಹಾಕಿಸಿ ಕೇಂಬ್ರಿಜ್‌ನ ಪಂಡಿತರಿಗೆ ಹಂಚಿಸಿದರು. ಮರುವರ್ಷ ಡಾರ್ವಿನ್ ತಿರುಗಿ ಬರುವ ಹೊತ್ತಿಗೆ ಅವನ ಹೆಸರು ಆಗಲೇ ಪರಿಚಿತ.

ಒಂದು ದೂರೂ ಇದೆ. ಗ್ಯಾಲಪಗೋಸ್ ದ್ವೀಪಗಳ ಗಿಡಗಳನ್ನು ಗುರುತಿಸಿ ಕೊಡುತ್ತೇನೆ ಎಂದು ಇಟ್ಟುಕೊಂಡವರು ಅಲ್ಲಿನ ಒಂದು ಪಾಪಾಸುಕಳ್ಳಿಗೆ ಹೆಸರಿಟ್ಟರು, ಹೆಚ್ಚಿನದನ್ನೆಲ್ಲ ಹಾಗೇ ಬಿಟ್ಟರು. ವರ್ಷಗಳಾದ ಮೇಲೆ ಸಸ್ಯಶಾಸ್ತ್ರಜ್ಞ ಜೋಸೆಫ್ ಹೂಕರ್ ಕೈಗೆ ಅವು ಹೋದವು. ಆ ಹೊತ್ತಿಗೆ ಇವರು ಹಿಚಮ್‌ನ ತಿಪ್ಪೆಗುಂಡಿಗಳಲ್ಲಿ ಮುಳುಗಿದ್ದರು. ಆ ಕಥೆ ಕೆಳಗೆ ಬರುತ್ತದೆ.

ಪ್ರಶ್ನೆ: ಅಮ್ಮಾ, ನಾನು ಬಿ.ಎಸ್ಸಿ. ಓದುತ್ತಿದ್ದೇನೆ. ಹರ್ಬೇರಿಯಂ (ಒಣಗಿಸಿದ ಗಿಡಗಳ ಸಂಗ್ರಹ) ಹಾಳೆಗೆ ಒಂದೇ ಜಾತಿಯ ಮೂರು ತುಂಬೆ ಗಿಡ ಅಂಟಿಸಿದ್ದಕ್ಕೆ 'ಒಂದು ಸಾಕು, ಹಾಳೆ ದಂಡ' ಎಂದು ಬೈಸಿಕೊಂಡೆ. ನಾನು ಮಾಡಿದ್ದು ತಪ್ಪಾ? (ವಿದ್ಯಾರ್ಥಿನಿ, ಸಾಗರ)

ಮಗಳೇ, ನಿನ್ನ ಪಕ್ಷಕ್ಕೆ ಕೇಂಬ್ರಿಜ್‌ನಿಂದ ಒಬ್ಬ ಸಾಕ್ಷಿ ತರುತ್ತೇನೆ.

ಹೆನ್‌ಸ್ಲೋ 1821ರಿಂದ ಬ್ರಿಟನ್ನಿನ ಗಿಡಗಳ ಹರ್ಬೇರಿಯಂ ಕಟ್ಟತೊಡಗಿದರು. ಮೂರು ಸಾವಿರಕ್ಕೂ ಹೆಚ್ಚು ಹಾಳೆ, ಈಗಲೂ ಕೇಂಬ್ರಿಜ್‌ನಲ್ಲಿವೆ. ಅವುಗಳ ವಿಶೇಷವೇ ನೀನು ಮಾಡಿದ 'ತಪ್ಪು'. ಒಂದೇ ಹಾಳೆಯ ಮೇಲೆ ಒಂದೇ ಜಾತಿಯ ಎರಡು, ಮೂರು, ಕೆಲವದರಲ್ಲಿ ಇನ್ನೂ ಹೆಚ್ಚು ಗಿಡ. ಬೇರೆ ಬೇರೆ ಊರಿನವು, ಬೇರೆ ಬೇರೆಯವರು ಕಿತ್ತು ಕಳಿಸಿದವು. ಗಿಡ್ಡದ್ದು, ಎತ್ತರದ್ದು, ಎಲೆ ಅಗಲದ್ದು, ಎಲೆ ಸಪೂರದ್ದು ಪಕ್ಕಪಕ್ಕದಲ್ಲಿ. ಪ್ರತಿಯೊಂದರ ಬುಡದಲ್ಲೂ ಸಿಕ್ಕ ಜಾಗ, ತಾರೀಕು, ಕಿತ್ತವರ ಹೆಸರು. ಒಂದು ಜಾತಿ ಎಂದರೆ ಎಷ್ಟು ದೂರದವರೆಗೆ ಎಳೆಯಬಹುದು, ಎಲ್ಲಿ ಹರಿದು ಇನ್ನೊಂದು ಜಾತಿಯಾಗುತ್ತದೆ ಎಂಬುದು ಅವರ ಪ್ರಶ್ನೆ. ಜಾತಿ ಬದಲಾಗದು, ದೇವರು ಮಾಡಿಟ್ಟದ್ದು ಎಂದು ನಂಬಿದ್ದವರು, ಅದರ ಗಡಿಗೋಡೆ ಎಲ್ಲಿದೆ ಎಂದು ತಡಕುತ್ತಿದ್ದರು. ಆ ಹಾಳೆಗಳ ನಡುವೆ ಓಡಾಡಿದ ಶಿಷ್ಯ ಮುಂದೆ ಗೋಡೆಯೇ ಇಲ್ಲವೆಂದ.

ಪ್ರಿಮ್‌ರೋಸ್, ಕೌಸ್ಲಿಪ್ ಎಂದು ಆ ಕಡೆಯ ಎರಡು ಹಳದಿ ಹೂವು. ಬೀಜ ಹಾಕಿ ಬೆಳೆಸಿ ನೋಡಿ, ಇವೆಲ್ಲ ಒಂದೇ ಜಾತಿ ಎಂದು 1830ರಲ್ಲಿ ಹೆನ್‌ಸ್ಲೋ ಬರೆದರು. ಅದು ತಪ್ಪು, ಅವು ಬೇರೆ ಬೇರೆ ಎಂದು 1868ರಲ್ಲಿ ತೋರಿಸಿದವನು ಡಾರ್ವಿನ್.

ನಿನ್ನ ತುಂಬೆಗೆ ಬರೋಣ. ಜಂಬಿಟ್ಟಿಗೆ ನೆಲದ ತುಂಬೆ ಗೇಣುದ್ದ ಇರುತ್ತದೆ, ಗೊಬ್ಬರಗುಂಡಿಯ ಅಂಚಿನದು ಮೊಣಕಾಲಿಗೆ ಬರುತ್ತದೆ. ಅದನ್ನು ತೋರಿಸಲು ಅಂಟಿಸಿದ್ದರೆ ನೀನು ಸರಿ. ಬುಡದಲ್ಲಿ ಜಾಗ, ತಾರೀಕು ಬರೆಯದೆ ಅಂಟಿಸಿದ್ದರೆ ಬೈದವರು ಸರಿ. ನಾನು ಪಾಠ ಮಾಡಿದ ಕಾಲೇಜೊಂದರಲ್ಲಿ 40 ವರ್ಷದ ಹರ್ಬೇರಿಯಂ ಇತ್ತು. ಸೋರುವ ಮಾಡಿನ ಕೆಳಗೆ ಬೀರು ಇಟ್ಟು, ಎರಡು ಮಳೆಗಾಲದಲ್ಲಿ ಗೆದ್ದಲಿಗೆ ಒಪ್ಪಿಸಿದೆವು. ಅದರಲ್ಲಿ ನನ್ನ ಪಾಲೂ ಇದೆ. ಆದ್ದರಿಂದ ಹಾಳೆ ದಂಡ ಎಂಬ ಮಾತು ಕೇಳಿದರೆ ನನಗೆ ಸಿಟ್ಟು ಬರುತ್ತದೆ.

ಪ್ರಶ್ನೆ: ನಮ್ಮದು ಹಳ್ಳಿ ಶಾಲೆ. ಗಿಡದ ಭಾಗಗಳ ಹೆಸರು, ವೈಜ್ಞಾನಿಕ ಹೆಸರು ಎಂದರೆ ಮಕ್ಕಳು ಓಡುತ್ತಾರೆ. ಬಿಟ್ಟುಬಿಡಲೇ? (ಪ್ರೌಢಶಾಲಾ ಶಿಕ್ಷಕರು, ಚಿತ್ರದುರ್ಗ ಜಿಲ್ಲೆ)

ಬಿಡಬೇಡಿ ಸರ್. ಹಿಚಮ್‌ನ ಮಕ್ಕಳು ನಿಮ್ಮ ಮಕ್ಕಳಿಗಿಂತ ಬಡವರು.

ಹೆನ್‌ಸ್ಲೋ ಹೋದಾಗ ಆ ಹಳ್ಳಿ ಕೂಲಿ ಮಾಡುವವರ ಊರು. ಚರ್ಚಿಗೆ ಬರುವವರು ಬೆರಳೆಣಿಕೆ. ಹೊಸ ಪಾದ್ರಿ ಕ್ರಿಕೆಟ್ ಆಡಿಸಿದರು, ಮನೆಯಂಗಳದಲ್ಲಿ ಪಟಾಕಿ ಹಾರಿಸಿದರು, ಶಾಲೆ ಕಟ್ಟಿಸಿದರು. ಸೋಮವಾರಗಳಂದು, ಬೇಕೆಂದವರಿಗೆ ಮಾತ್ರ, ಸಸ್ಯಶಾಸ್ತ್ರದ ಪಾಠ. ಬಂದವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು, ಕೂಲಿಯವರ ಮಕ್ಕಳು. ಕೆಳಗಿನ ತರಗತಿಗೆ ಸೇರಲೂ ಒಂದು ನಿಯಮ: ಏಕದಳ, ದ್ವಿದಳ ಮುಂತಾದವಕ್ಕೆ ಇಂಗ್ಲಿಷಿನಲ್ಲಿರುವ ಮಾರುದ್ದದ ಹೆಸರುಗಳನ್ನು ತಪ್ಪಿಲ್ಲದೆ ಬರೆದು ತೋರಿಸಬೇಕು. ನೀವು ಅಂದುಕೊಂಡದ್ದಕ್ಕೆ ಉಲ್ಟಾ, ಅಲ್ಲವೇ? ದೊಡ್ಡ ಶಬ್ದ ಮಕ್ಕಳಿಗೆ ಹೊರೆಯಲ್ಲ, ಬಹುಮಾನ. ಕೋಣೆಯಲ್ಲಿ ಬಾಟಲಿಗಳ ಸಾಲು, ಅವುಗಳಲ್ಲಿ ಆ ವಾರ ಅರಳಿದ ಕಾಡುಹೂವು, ಪ್ರತಿಯೊಂದಕ್ಕೂ ಚೀಟಿ. ಹೂ ಬಿಡಿಸಿ ಕೇಸರ ಎಷ್ಟು, ಅಂಡಾಶಯ ಎಲ್ಲಿದೆ ಎಂದು ಮಕ್ಕಳೇ ಒಂದು ಕೋಷ್ಟಕದಲ್ಲಿ ತುಂಬಬೇಕು. ಊರಿನ ಸುತ್ತಲಿನ ಗಿಡಗಳ ಹರ್ಬೇರಿಯಂ ಮಾಡಿದ್ದೂ ಅವರೇ. ರೈಲಿನಲ್ಲಿ ಊರವರನ್ನೆಲ್ಲ ಕರೆದೊಯ್ಯುವ ಪ್ರವಾಸಗಳು ಬೇರೆ. 1854ರಲ್ಲಿ 200ಕ್ಕೂ ಹೆಚ್ಚು ಜನ ಕೇಂಬ್ರಿಜ್ ನೋಡಿ ಬಂದರು. ರಾಣಿ ವಿಕ್ಟೋರಿಯಾ ಮಕ್ಕಳಿಗೆ ಪಾಠ ಹೇಳಲು ಅರಮನೆಯಿಂದ ಕರೆ ಬಂದಾಗ, ಹಿಚಮ್‌ನಲ್ಲಿ ಹೇಳುವ ರೀತಿಯಲ್ಲೇ ಅಲ್ಲೂ ಹೇಳಿದರು.

ಪಾಠದ ಇನ್ನೊಂದು ಗುಟ್ಟು ಡಾರ್ವಿನ್ ಬರೆದಿಟ್ಟಿದ್ದಾನೆ. ಒಂದು ದಿನ ಒದ್ದೆ ಮೇಲ್ಮೈ ಮೇಲಿದ್ದ ಪರಾಗವನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದಾಗ, ಅದರಿಂದ ಕೊಳವೆ ಹೊರಬಂದದ್ದು ಕಂಡು, ತಾನೇ ಮೊದಲು ಕಂಡೆ ಎಂದು ಹೆನ್‌ಸ್ಲೋ ಬಳಿಗೆ ಓಡಿದ. ಅದು ಎಲ್ಲರಿಗೂ ಗೊತ್ತಿದ್ದದ್ದೇ. ಬೇರೆ ಮೇಷ್ಟರಾಗಿದ್ದರೆ ನಕ್ಕುಬಿಡುತ್ತಿದ್ದರು. ಇವರು, ಹೌದು, ಬಹಳ ಸ್ವಾರಸ್ಯದ ವಿಷಯ ಎಂದು ಒಪ್ಪಿ, ಅದರ ಅರ್ಥವೇನೆಂದು ಬಿಡಿಸಿ ಹೇಳಿ, ಇದು ಹಳೆಯ ಸಂಗತಿ ಎಂಬುದನ್ನೂ ತಿಳಿಸಿದರು. ಹುಡುಗ ಮುಖ ಸಣ್ಣದು ಮಾಡಿಕೊಳ್ಳದೆ, ತಾನೇ ಕಂಡುಕೊಂಡೆನೆಂಬ ಖುಷಿಯಲ್ಲೇ ಎದ್ದುಹೋದ. ಇನ್ನು ಮುಂದೆ ಕಂಡದ್ದನ್ನು ಹೇಳಲು ಇಷ್ಟು ಅವಸರ ಮಾಡಬಾರದು ಎಂದಷ್ಟೇ ಅಂದುಕೊಂಡ. ವಿಕಾಸವಾದದ ತನ್ನ ದೊಡ್ಡ ಪುಸ್ತಕವನ್ನು ಅವನು 20 ವರ್ಷ ತಡೆದಿಟ್ಟುಕೊಂಡದ್ದು ನೆನೆದರೆ, ಪಾಠ ಸ್ವಲ್ಪ ಜಾಸ್ತಿಯೇ ನಾಟಿತೇನೋ!

ನೀವು ನಾಳೆ ಒಂದು ಬುಟ್ಟಿ ದಾಸವಾಳ ಒಯ್ಯಿರಿ. ಒಂಟಿ ಸುತ್ತಿನದು, ಐದೆಸಳಿನದು. ಮುದ್ದೆ ದಾಸವಾಳ ಬೇಡ. ಒಬ್ಬೊಬ್ಬರಿಗೆ ಒಂದೊಂದು. ಬ್ಲೇಡು ಬೇಡ, ಉಗುರು ಸಾಕು. ಹೆಸರು ಆಮೇಲೆ ಹೇಳಿ, ಮೊದಲು ಎಣಿಸಲಿ.

ಪ್ರಶ್ನೆ: ಪಾದ್ರಿ ಸುದ್ದಿ ನಮಗೇನು ಮೇಡಂ, ರೈತರಿಗೆ ಉಪಯೋಗ ಆಗುವಂಥದ್ದು ಬರೆಯಿರಿ. (ಭತ್ತದ ಬೆಳೆಗಾರರು, ಮಂಡ್ಯ)

ಸಿಟ್ಟು ಮಾಡಿಕೊಳ್ಳಬೇಡಿ. ನಾಟಿಗೆ ಮೊದಲು ನೀವು ಗದ್ದೆಗೆ ಎರಚುವ ಸೂಪರ್ ಫಾಸ್ಫೇಟಿನ ಚೀಲದೊಳಗೂ ಈ ಪಾದ್ರಿ ಇದ್ದಾರೆ.

1843ರಲ್ಲಿ ಹೆಂಡತಿ ಮಕ್ಕಳೊಂದಿಗೆ ಫೀಲಿಕ್ಸ್‌ಸ್ಟೋ ಎಂಬ ಕಡಲೂರಿಗೆ ಹೋಗಿದ್ದರು. ದಿಬ್ಬದ ಮಣ್ಣಿನಲ್ಲಿ ಕಂದು ಬಣ್ಣದ ಗಟ್ಟಿ ಉಂಡೆಗಳು ಕಂಡವು. ಇವು ಪುರಾತನ ಪ್ರಾಣಿಗಳ ಸಗಣಿ ಕಲ್ಲಾದದ್ದು ಎಂದು ಅವರ ಊಹೆ. ಊಹೆ ಬಹುಮಟ್ಟಿಗೆ ತಪ್ಪು, ಆದರೆ ಉಂಡೆಯೊಳಗೆ ರಂಜಕ ತುಂಬಿತ್ತು ಎಂಬುದು ಸರಿ. ಅದೇ ಹೊತ್ತಿಗೆ, 1842ರಲ್ಲಿ, ಜಾನ್ ಬೆನೆಟ್ ಲಾಸ್ ಎಂಬಾತ ಮೂಳೆ ಮತ್ತು ರಂಜಕದ ಕಲ್ಲಿಗೆ ಗಂಧಕಾಮ್ಲ ಸುರಿದು ಗೊಬ್ಬರ ಮಾಡುವ ಪೇಟೆಂಟ್ ಪಡೆದಿದ್ದ. ಮೂಳೆ ಎಲ್ಲಿಂದ ತರುವುದು? ಹೆನ್‌ಸ್ಲೋ ಉಂಡೆ ತೋರಿಸಿದರು. ಸಫೋಕ್, ಕೇಂಬ್ರಿಜ್ ಜಿಲ್ಲೆಗಳಲ್ಲಿ ದಶಕಗಳ ಕಾಲ ಹೊಲ ಅಗೆದು ಅವನ್ನು ತೆಗೆದರು. ಹೆನ್‌ಸ್ಲೋ ಪೇಟೆಂಟಿನ ಗೋಜಿಗೆ ಹೋಗಲಿಲ್ಲ. ಇಂದು ನಿಮ್ಮ ಚೀಲಕ್ಕೆ ಕಲ್ಲು ಬರುವುದು ಉದಯಪುರದ ಹತ್ತಿರದ ಗಣಿಯಿಂದ, ಇಲ್ಲವೇ ಜೋರ್ಡಾನ್, ಮೊರಾಕ್ಕೊದಂಥ ಕಡೆಯಿಂದ. ಆಮ್ಲ ಸುರಿಯುವ ಉಪಾಯ ಮಾತ್ರ ಅದೇ.

ತಿಪ್ಪೆಗುಂಡಿಯ ಮಾತೂ ಹೇಳಿದ್ದೆನಲ್ಲ. ತಿಪ್ಪೆಗೆ ಜಿಪ್ಸಮ್ ಹಾಕಿದರೆ ಸಾರ ಆವಿಯಾಗಿ ಹೋಗುವುದಿಲ್ಲ ಎಂಬ ಮಾತು ಆಗ ಹೊಸದು. ನಂಬಬೇಡಿ, ನೀವೇ ಮಾಡಿ ನೋಡಿ ಎಂದು ಹೆನ್‌ಸ್ಲೋ ಅಚ್ಚು ಹಾಕಿಸಿದ ಖಾಲಿ ಫಾರಂಗಳನ್ನು ಸಫೋಕ್ ರೈತರಿಗೆ ಹಂಚಿದರು. ಹಾಕಿದ ತಿಪ್ಪೆ, ಹಾಕದ ತಿಪ್ಪೆ, ಎರಡರ ಬೆಳೆ ತೂಗಿ ತುಂಬಿ ಕಳಿಸಿ ಎಂದು. ಕೂಲಿಯವರಿಗೆ ತರಕಾರಿ ಬೆಳೆದುಕೊಳ್ಳಲು ತುಂಡು ಜಮೀನು ಕೊಡಿಸಿದಾಗ ಮಾತ್ರ ಅದೇ ದೊಡ್ಡ ರೈತರು ತಿರುಗಿಬಿದ್ದರು. ಆ ತುಂಡು ಹಿಡಿದವನಿಗೆ ನಮ್ಮ ಹೊಲದಲ್ಲಿ ಕೆಲಸವಿಲ್ಲ ಎಂದು ಒಟ್ಟಾಗಿ ತೀರ್ಮಾನಿಸಿದರು. ಪಾದ್ರಿ ಜಗ್ಗಲಿಲ್ಲ. ತುಂಡುಗಳು ಉಳಿದವು.

ಪ್ರಶ್ನೆ: ಇಷ್ಟು ಸಾಧುವಾದ ಮನುಷ್ಯನಿಗೆ ವೈರಿಗಳೇ ಇರಲಿಲ್ಲವೇ? (ವಕೀಲರು, ಧಾರವಾಡ)

ಮೇಲಿನ ರೈತರು ಸಾಲದೇ? ಆಯಿತು, ವಕೀಲರಿಗೆ ಹೊಂದುವಂಥದ್ದು ಒಂದಿದೆ. 1835ರ ಕೇಂಬ್ರಿಜ್ ಚುನಾವಣೆಯಲ್ಲಿ ವೋಟಿಗೆ ದುಡ್ಡು ಹಂಚಿದವರ ಮೇಲೆ ಹೂಡಿದ ಕೇಸಿಗೆ ಹೆನ್‌ಸ್ಲೋ ತಮ್ಮ ಹೆಸರು ಕೊಟ್ಟರು. ಊರ ಗೋಡೆಗಳ ಮೇಲೆ 'ಹೆನ್‌ಸ್ಲೋ ಚಾಡಿಕೋರ' ಎಂಬರ್ಥದ ಬರಹ ಕಾಣಿಸಿಕೊಂಡಿತು. ಬೀದಿಯಲ್ಲಿ ಕೂಗುತ್ತಿದ್ದರು. ಅವರು ಆ ಬೀದಿಯಲ್ಲೇ ಓಡಾಡಿದರು.

ಪ್ರಶ್ನೆ: ಬೆಂಥಮ್ ಮತ್ತು ಹೂಕರ್ ಮಾಡಿದ ಗಿಡಗಳ ವರ್ಗೀಕರಣ ಬಾಯಿಪಾಠ ಮಾಡಿ ಸಾಕಾಗಿದೆ. ಆ ಹೂಕರ್‌ಗೂ ಇವರಿಗೂ ಸಂಬಂಧವಿದೆಯೇ? ನಮ್ಮ ಕಡೆ ಇಂಥ ಪಾದ್ರಿ ಇದ್ದರೇ? (ವಿದ್ಯಾರ್ಥಿ, ಹಾಸನ)

ಅಳಿಯ! ಹೆನ್‌ಸ್ಲೋ ಮಗಳು ಫ್ರಾನ್ಸಿಸ್ ಹೂಕರ್‌ನನ್ನು 1851ರಲ್ಲಿ ಮದುವೆಯಾದಳು, ಆತ ಹಿಮಾಲಯದಿಂದ ಬರುವವರೆಗೆ ವರ್ಷಗಟ್ಟಲೆ ಕಾದು. ಬ್ರಿಟಿಷ್ ಭಾರತದ ಸಸ್ಯಗಳ ಬಗ್ಗೆ ಹೂಕರ್ ಹೊರತಂದ ಏಳು ಸಂಪುಟ (1872ರಿಂದ 1897) ನಮ್ಮ ಘಟ್ಟದ ಗಿಡ ಗುರುತಿಸುವವರಿಗೆ ಇಂದಿಗೂ ಬೇಕು. ಫ್ರಾನ್ಸಿಸ್ ಸ್ವತಃ ದೊಡ್ಡದೊಂದು ಸಸ್ಯಶಾಸ್ತ್ರ ಗ್ರಂಥವನ್ನು ಫ್ರೆಂಚಿನಿಂದ ಇಂಗ್ಲಿಷಿಗೆ ತಂದವಳು. ಅದನ್ನು ಯಾರೂ ಬಾಯಿಪಾಠ ಮಾಡಿಸುವುದಿಲ್ಲ.

ನಮ್ಮ ಕಡೆಯವರು ಬೇಕೆಂದರೆ ನಿಮ್ಮ ಜಿಲ್ಲೆಯಿಂದಲೇ ಶುರುಮಾಡಿ. ಬೆಂಗಳೂರಿನ ಸೇಂಟ್ ಜೋಸೆಫ್ಸ್ ಕಾಲೇಜಿನ ಜೆಸ್ವಿಟ್ ಪಾದ್ರಿ ಸೆಸಿಲ್ ಸಲ್ಡಾನ್ಹಾ, ಅಮೆರಿಕದ ಡ್ಯಾನ್ ನಿಕೋಲ್ಸನ್ ಜೊತೆ ಸೇರಿ 1976ರಲ್ಲಿ ಹೊರತಂದದ್ದು ಹಾಸನ ಜಿಲ್ಲೆಯ ಸಸ್ಯಸಂಪತ್ತಿನ ಗ್ರಂಥ. ನಿಮ್ಮ ಗ್ರಂಥಾಲಯದಲ್ಲಿ ಕೇಳಿ.

ಪ್ರಶ್ನೆ: ಕೊನೆಗೆ ಗುರು ಶಿಷ್ಯನ ವಿಕಾಸವಾದವನ್ನು ಒಪ್ಪಿದರೇ? ಇಲ್ಲವಾದರೆ ಜಗಳವಾಯಿತೇ? (ನಿವೃತ್ತ ಮುಖ್ಯೋಪಾಧ್ಯಾಯಿನಿ, ಬೆಳಗಾವಿ)

ಒಪ್ಪಲಿಲ್ಲ, ಜಗಳವೂ ಆಗಲಿಲ್ಲ.

ಇದರ ಬೀಜ ಹಳೆಯದು. ಡಾರ್ವಿನ್ ಹಡಗು ಹತ್ತುವಾಗ, ಭೂಮಿ ನಿಧಾನವಾಗಿ ಬದಲಾಗುತ್ತ ಬಂದಿದೆ ಎಂದು ವಾದಿಸುವ ಚಾರ್ಲ್ಸ್ ಲೈಲ್‌ನ ಪುಸ್ತಕ ಓದು, ಆದರೆ ಅದರಲ್ಲಿರುವ ಮತವನ್ನು ಮಾತ್ರ ಖಂಡಿತ ಒಪ್ಪಬೇಡ ಎಂದು ಹೇಳಿ ಕಳಿಸಿದವರು ಹೆನ್‌ಸ್ಲೋ. ಹುಡುಗ ಮೊದಲನೆಯದನ್ನಷ್ಟೇ ಪಾಲಿಸಿದ. ನೀವೂ ಪಾಠ ಮಾಡಿದವರು, ಈ ಅನುಭವ ಹೊಸದಲ್ಲ.

ಡಾರ್ವಿನ್ನನ ಪುಸ್ತಕ 1859ರ ನವೆಂಬರಿನಲ್ಲಿ ಬಂತು. ಊಹೆಯನ್ನು ತೀರ ದೂರ ಎಳೆದಿದ್ದಾನೆ ಎಂಬುದು ಹೆನ್‌ಸ್ಲೋ ಅಭಿಪ್ರಾಯ. ಆದರೆ 1860ರ ಮೇ ತಿಂಗಳಲ್ಲಿ, ಕೇಂಬ್ರಿಜ್‌ನ ಸಭೆಯೊಂದರಲ್ಲಿ ಹಳೆಯ ಗೆಳೆಯ, ಭೂವಿಜ್ಞಾನಿ ಆಡಮ್ ಸೆಜ್‌ವಿಕ್ ಡಾರ್ವಿನ್ನನನ್ನು ಜರೆದಾಗ ಎದ್ದು ನಿಂತು ಅವನ ಪರ ಮಾತನಾಡಿದರು. ತೀರ್ಮಾನ ಒಪ್ಪಲಿ ಬಿಡಲಿ, ಹುಡುಕುವುದು ತಪ್ಪಲ್ಲ ಎಂದು. ಮರುತಿಂಗಳು, ಜೂನ್ 30ರಂದು, ಆಕ್ಸ್‌ಫರ್ಡ್‌ನಲ್ಲಿ ವಿಕಾಸವಾದದ ಮೇಲೆ ಬಿಷಪ್ ವಿಲ್ಬರ್‌ಫೋರ್ಸ್ ಮತ್ತು ಡಾರ್ವಿನ್ನನ ಪರ ನಿಂತ ವಿಜ್ಞಾನಿ ಹಕ್ಸ್‌ಲಿ ನಡುವಿನ ಆ ಹೆಸರಾಂತ ಜಟಾಪಟಿ ನಡೆಯಿತಲ್ಲ, ಆ ಸಭೆಯ ಅಧ್ಯಕ್ಷರು ಯಾರು ಗೊತ್ತೇ? ಹೆನ್‌ಸ್ಲೋ. ಎದುರಿಗೆ ಕಿಕ್ಕಿರಿದ ಜನ. ಅಳಿಯ ಹೂಕರ್ ಎದ್ದು ಡಾರ್ವಿನ್ನನ ಪರ ಮಾತನಾಡಿದ. ಬೀಗಲ್ ಹಡಗಿನ ಕಪ್ತಾನ ಫಿಟ್ಜ್‌ರಾಯ್ ಬೈಬಲ್ ಹಿಡಿದು ವಿರುದ್ಧ ನಿಂತ. 29 ವರ್ಷದ ಹಿಂದೆ ಬರೆದ ಒಂದು ಕಾಗದದ ಫಲವೆಲ್ಲ ಕಣ್ಣೆದುರು ಕೂಗಾಡುತ್ತಿದೆ, ಇವರು ಕುರ್ಚಿಯಲ್ಲಿ ಕೂತು ಎಲ್ಲರಿಗೂ ಸರದಿಯಂತೆ ಮಾತಾಡಲು ಬಿಡುತ್ತಿದ್ದಾರೆ. ಡಾರ್ವಿನ್ ಅಲ್ಲಿರಲಿಲ್ಲ, ಹೊಟ್ಟೆ ಸರಿಯಿರಲಿಲ್ಲ.

ಮರುವರ್ಷ ವಸಂತದಲ್ಲಿ ಹೆನ್‌ಸ್ಲೋ ಹಾಸಿಗೆ ಹಿಡಿದರು. ಹೂಕರ್ ಹಿಚಮ್‌ಗೆ ಹೋಗಿ ಬಳಿಯಲ್ಲಿದ್ದ. ಡಾರ್ವಿನ್ ಹೂಕರ್‌ಗೆ ಬರೆದ: ಅವರು ನನ್ನನ್ನು ನೋಡಬೇಕೆಂದರೆ ಆ ಕ್ಷಣ ಹೊರಡುತ್ತೇನೆ, ಆದರೆ ಈ ಪ್ರಯಾಣ, ಈ ಉದ್ವೇಗ ಸೇರಿ ಬಂದವನೇ ಮಲಗಿಬಿಡುತ್ತೇನೇನೋ. ಹೋಗಲಿಲ್ಲ. ಅವನ ಕಾಯಿಲೆ ಸುಳ್ಳಲ್ಲ, ಆದರೂ ಇದನ್ನು ಓದುವಾಗ ನನಗೆ ಕಸಿವಿಸಿ. ಐದು ವರ್ಷ ಭೂಮಿ ಸುತ್ತಿದವನಿಗೆ ತಾನಿದ್ದ ಕೆಂಟ್‌ನಿಂದ ಸಫೋಕ್ ದೂರವಾಯಿತು. 1861ರ ಮೇ 16ರಂದು ಹೆನ್‌ಸ್ಲೋ ತೀರಿಕೊಂಡರು. ಇದಕ್ಕಿಂತ ಒಳ್ಳೆಯ ಮನುಷ್ಯ ಈ ಭೂಮಿಯ ಮೇಲೆ ನಡೆದಾಡಿಲ್ಲ ಎಂದು ಡಾರ್ವಿನ್ ಹೂಕರ್‌ಗೆ ಬರೆದ. ಭಾವಮೈದುನ ಜೆನಿನ್ಸ್ ಮರುವರ್ಷ ತಂದ ಜೀವನಚರಿತ್ರೆಗೆ ತನ್ನ ನೆನಪುಗಳನ್ನೂ ಕೊಟ್ಟ.

ಹೆನ್‌ಸ್ಲೋ ಅವರನ್ನು ಮಣ್ಣು ಮಾಡಿದ್ದು ಹಿಚಮ್‌ನ ಚರ್ಚಿನಂಗಳದಲ್ಲೇ.

(ಸಾಗರದ ಹುಡುಗಿ ಆ ಮೂರು ತುಂಬೆಯ ಹಾಳೆಯ ಫೋಟೊ ತೆಗೆದು ಪತ್ರಿಕೆಗೆ ಕಳಿಸಲಿ, ಬುಡದ ಚೀಟಿ ಕಾಣುವಂತಿರಲಿ. ಮಲ್ಲಿಗೆಯವರು ಮುಂದಿನ ತಿಂಗಳು ಬನ್ನಿ.)